ಚಾವಣಿಯಲ್ಲಿ ಕಾದು ಕೂತ ನೀರು

ದಾವಣಗೆರೆಯ ಎಪಿಎಂಸಿಗೆ ಮೆಕ್ಕೆಜೋಳ ಹಾಕುವ ನಾವು, ರೇಟು ಬಿದ್ದಿದೆ ಅಂತಾದರೆ ಚೀಲಗಳನ್ನು ಗೋದಾಮಿಗೆ ಇಳಿಸುತ್ತೇವೆ. ರಸೀದಿ ತಗೊಂಡು, ಬೇಕಾದರೆ ಅದರ ಮೇಲೆ ಅಡಮಾನ ಸಾಲ ಎತ್ತಿ ಊರಿಗೆ ಬರುತ್ತೇವೆ. ಬಾಡಿಗೆ ಎಷ್ಟು, ಹುಳ ಬೀಳದ ಹಾಗೆ ನೋಡ್ತೀರಾ, ಮಳೆಗೆ ಸೋರುತ್ತಾ ಅಂತ ಕೇಳುವುದುಂಟು. ಬೆಂಕಿ ಬಿದ್ದರೆ ಇಲ್ಲಿ ಏನು ವ್ಯವಸ್ಥೆ ಅಂತ ಕೇಳಿದವರನ್ನು ನಾನಂತೂ ಕಂಡಿಲ್ಲ. ಗೋಡೆಗೆ ಕೆಂಪು ಸಿಲಿಂಡರು ತೂಗುಹಾಕಿದ್ದರೆ ಅದೇ ದೊಡ್ಡದು. ಅದರ ಮೇಲೆ ಧೂಳು ಕೂತಿದೆಯೋ, ಒಳಗೆ ಏನಾದರೂ ಉಳಿದಿದೆಯೋ ಯಾರೂ ನೋಡುವುದಿಲ್ಲ.

ಇದು ಗೋದಾಮಿನ ಯಜಮಾನನ ತಲೆನೋವು, ನಮಗೇಕೆ ಅನ್ನಬಹುದು. ಆದರೆ ಒಳಗಿರುವುದು ನಮ್ಮ ಮಾಲು. ಫಸಲ್ ಬಿಮಾ ಯೋಜನೆಯ ಬೆಳೆ ವಿಮೆ ಹೊಲದ ಬೆಳೆಗೆ. ಕಟಾವಾಗಿ ಹೊಲದಲ್ಲೇ ಒಣಗಲು ಬಿಟ್ಟ ಬೆಳೆಗೆ 14 ದಿನ, ಅದೂ ಅಕಾಲಿಕ ಮಳೆ, ಆಲಿಕಲ್ಲು, ಚಂಡಮಾರುತದಂಥ ಕಾರಣಕ್ಕೆ. ಗೋದಾಮಿನಲ್ಲಿ ಸುಟ್ಟ ಚೀಲಕ್ಕೆ ಅದರಿಂದ ದುಡ್ಡು ಬರುವುದಿಲ್ಲ. ಬರಬೇಕಾದ್ದು ಗೋದಾಮಿನವರು ಮಾಡಿಸಿದ ಬೆಂಕಿ ವಿಮೆಯಿಂದ. ಹಾಗಾಗಿ ಕಟ್ಟಡವನ್ನು ಬೆಂಕಿಯಿಂದ ಕಾಯುವ ಏರ್ಪಾಡು ಹೇಗೆ ಕೆಲಸ ಮಾಡುತ್ತದೆ ಅಂತ ನಾವೂ ಒಂದಿಷ್ಟು ತಿಳಿದಿದ್ದರೆ ನಷ್ಟವೇನಿಲ್ಲ. ಇದರಲ್ಲಿ ಮುಕ್ಕಾಲು ಪಾಲು ನಮಗೆ ಗೊತ್ತಿರುವ ಸಂಗತಿಯೇ. ಪೈಪು, ಪಂಪು, ವಾಲ್ವು, ನೀರಿನ ಟ್ಯಾಂಕು.

ಹತ್ತಿ ಗಿರಣಿಯ ಕೂಸು

ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತು. ಮಿಲ್ಲುಗಳು ಒಂದೊಂದಾಗಿ ನಿಂತವು. ದಾವಣಗೆರೆ ಕಾಟನ್ ಮಿಲ್ಲಿನ ಹೆಸರು ಡಿಸಿಎಂ ಟೌನ್‌ಶಿಪ್ ಅನ್ನುವ ಬಡಾವಣೆಯಲ್ಲಿ ಉಳಿದುಕೊಂಡಿದೆ. ಹತ್ತಿ ಬೆಳೆಯುತ್ತಿದ್ದ ಹೊಲಗಳಿಗೆ ಮೆಕ್ಕೆಜೋಳ ಬಂದಿದೆ. ಆದರೆ ಇವತ್ತು ಮಾಲ್‌ಗಳಲ್ಲಿ, ದೊಡ್ಡ ಆಸ್ಪತ್ರೆಗಳಲ್ಲಿ ತಲೆ ಎತ್ತಿದರೆ ಕಾಣುವ ಬೆಂಕಿ ಸ್ಪ್ರಿಂಕ್ಲರ್ ಹುಟ್ಟಿ ಬೆಳೆದದ್ದು ಹತ್ತಿ ಗಿರಣಿಗಳಲ್ಲೇ.

ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಜಕರಾಯ ಅಲೆನ್ ಎಂಬ ಗಿರಣಿ ಮಾಲೀಕನಿದ್ದ. ಬೆಂಕಿ ಹರಡದ ಹಾಗೆ ಗಿರಣಿ ಕಟ್ಟಿ, ಪಂಪು, ಬಾಗಿಲು ಎಲ್ಲ ಸರಿಯಾಗಿ ಹಾಕಿಸಿ, ನನಗೆ ವಿಮೆಯ ಕಂತು ಕಡಿಮೆ ಮಾಡಿ ಅಂತ ಕೇಳಿದ. ಕಂಪನಿಯವರು ಎಲ್ಲರಿಗೂ ಒಂದೇ ರೇಟು ಅಂದರು. 1835ರಲ್ಲಿ ಅವನು ಬೇರೆ ಗಿರಣಿಯವರನ್ನು ಸೇರಿಸಿಕೊಂಡು ತಮ್ಮದೇ ಪರಸ್ಪರ ವಿಮಾ ಸಂಸ್ಥೆ ಕಟ್ಟಿದ. ನಮ್ಮ ಸಹಕಾರ ಸಂಘದ ಥರವೇ ಅನ್ನಿ. ಎಚ್ಚರ ವಹಿಸಿದವನಿಗೆ ಕಂತು ಕಡಿಮೆ ಎಂಬ ಲೆಕ್ಕ ಶುರುವಾದದ್ದೇ ತಡ, ಗಿರಣಿಯವರು ಪೈಪು ಎಳೆಯತೊಡಗಿದರು. ಕಾನೂನಿಗೆ ಹೆದರಿ ಹಾಕಿದ್ದಕ್ಕಿಂತ ಕಂತು ಉಳಿಯುತ್ತದೆ ಅಂತ ಹಾಕಿದ್ದೇ ಹೆಚ್ಚು.

ಮೊದಲಿನದು ತೂತು ಕೊರೆದ ಪೈಪು. ಬೆಂಕಿ ಕಂಡವನು ಓಡಿಹೋಗಿ ವಾಲ್ವು ತಿರುಗಿಸಬೇಕು. ತಿರುಗಿಸಿದರೆ ಇಡೀ ಅಂತಸ್ತಿಗೆ ನೀರು. ಸುಟ್ಟದ್ದು ಹತ್ತು ಬೇಲು, ನೆನೆದು ಹಾಳಾದದ್ದು ನೂರು ಅನ್ನುವ ಹಾಗೆ. ರಾತ್ರಿ ಬೆಂಕಿ ಬಿದ್ದರೆ ವಾಲ್ವು ತಿರುಗಿಸುವವನೇ ಇಲ್ಲ. 1874ರಲ್ಲಿ ಹೆನ್ರಿ ಪಾರ್ಮೆಲಿ ಎಂಬಾತ ತನ್ನ ಪಿಯಾನೊ ಕಾರ್ಖಾನೆಯಲ್ಲಿ ತಾನಾಗಿ ತೆರೆಯುವ ಸ್ಪ್ರಿಂಕ್ಲರ್ ಹಾಕಿದ. ಫ್ರೆಡರಿಕ್ ಗ್ರಿನೆಲ್ ಅದನ್ನು ಸುಧಾರಿಸಿದ. ಅವನ ಸ್ಪ್ರಿಂಕ್ಲರನ್ನು ಅಮೆರಿಕದ ಆಚೆ ಮಾರುವ ಹಕ್ಕು 1883ರಲ್ಲಿ ಮ್ಯಾಂಚೆಸ್ಟರಿನ ಮ್ಯಾಥರ್ ಅಂಡ್ ಪ್ಲಾಟ್‌ನವರಿಗೆ ಹೋಯಿತು. ಪಂಪು ಕೊಳ್ಳುವವರಿಗೆ ಈ ಹೆಸರು ಹೊಸದಲ್ಲ. ಅಲ್ಲಿಂದ ಲ್ಯಾಂಕಾಶೈರಿನ ಗಿರಣಿಗಳಿಗೆ ಇದು ಹಬ್ಬಿತು.

ನಮ್ಮ ಸ್ಪ್ರಿಂಕ್ಲರ್ ಅಲ್ಲ

ಶೇಂಗಾಕ್ಕೆ ಸ್ಪ್ರಿಂಕ್ಲರ್ ಹಾಕಿದವರಿಗೆ ಗೊತ್ತು, ಮೋಟಾರು ಚಾಲೂ ಮಾಡಿದರೆ ಎಲ್ಲ ಜೆಟ್ಟುಗಳೂ ಒಟ್ಟಿಗೆ ತಿರುಗುತ್ತವೆ. ಬೆಂಕಿ ಸ್ಪ್ರಿಂಕ್ಲರೂ ಹಾಗೇ ಅಂತ ಬಹಳ ಜನ ತಿಳಿದಿದ್ದಾರೆ. ಸಿನಿಮಾದಲ್ಲೂ ಹಾಗೇ ತೋರಿಸ್ತಾರೆ, ಎಲ್ಲೋ ಒಂದು ಕಡೆ ಹೊಗೆ ಎದ್ದರೆ ಇಡೀ ಕಟ್ಟಡಕ್ಕೆ ಮಳೆ. ಇದು ತಪ್ಪು.

ಬೆಂಕಿ ಸ್ಪ್ರಿಂಕ್ಲರಿನ ಪ್ರತಿಯೊಂದು ತಲೆಗೂ ಅದರದೇ ಬೀಗ ಇದೆ. ಬೆರಳಿಗಿಂತ ಸಣ್ಣ ಗಾಜಿನ ಕೊಳವೆ, ಅದರೊಳಗೆ ಬಣ್ಣದ ದ್ರವ, ದ್ರವದಲ್ಲಿ ಒಂದು ಗಾಳಿ ಗುಳ್ಳೆ. ಪೈಪಿನ ಬಾಯಿಯ ಮುಚ್ಚಳವನ್ನು ಈ ಗಾಜು ಒತ್ತಿ ಹಿಡಿದಿರುತ್ತದೆ. ಕೆಳಗೆ ಬೆಂಕಿ ಎದ್ದರೆ ಬಿಸಿಗಾಳಿ ನೇರ ಚಾವಣಿಗೆ ಏರುತ್ತದೆ. ದ್ರವ ಹಿಗ್ಗಿ, ಗುಳ್ಳೆ ಕರಗಿ, ಗಾಜು ಟಪ್ ಅಂತ ಒಡೆಯುತ್ತದೆ. ಮುಚ್ಚಳ ಹಾರಿ ನೀರು ಧುಮುಕುತ್ತದೆ, ಕೆಳಗಿನ ಹಲ್ಲಿನ ತಟ್ಟೆಗೆ ಬಡಿದು ಕೊಡೆಯ ಹಾಗೆ ಹರಡುತ್ತದೆ. ಪಕ್ಕದ ತಲೆಗೆ ಅಷ್ಟು ಬಿಸಿ ತಾಗದಿದ್ದರೆ ಅದು ಸುಮ್ಮನೆ ಇರುತ್ತದೆ. ಹೆಚ್ಚಿನ ಬೆಂಕಿಗಳು ಒಂದೆರಡು ತಲೆ ತೆರೆಯುವಷ್ಟರಲ್ಲಿ ಹಿಡಿತಕ್ಕೆ ಬಂದುಬಿಡುತ್ತವೆ. ಹೊಗೆಗೆ, ಬೀಡಿಗೆ, ಊದುಬತ್ತಿಗೆ ಇದು ತೆರೆಯುವುದಿಲ್ಲ, ಬಿಸಿಗೆ ಮಾತ್ರ.

ದ್ರವದ ಬಣ್ಣಕ್ಕೂ ಅರ್ಥ ಇದೆ. ಕೆಂಪು 68 ಡಿಗ್ರಿಗೆ ಒಡೆಯುತ್ತದೆ, ಹಳದಿ 79ಕ್ಕೆ, ಹಸಿರು 93ಕ್ಕೆ. ಅಲ್ಲಿನ ಮಾಮೂಲಿ ಬಿಸಿಗಿಂತ ಸುಮಾರು 30 ಡಿಗ್ರಿ ಮೇಲಿನದನ್ನು ಆರಿಸಬೇಕು ಅನ್ನುವುದು ರೂಢಿ. ನಮ್ಮ ಏಪ್ರಿಲ್ ಬಿಸಿಲಿಗೆ ತಗಡಿನ ಶೀಟಿನ ಅಡಿ ಎಷ್ಟು ಕಾಯುತ್ತದೆ ಅಂತ ನಿಮಗೇ ಗೊತ್ತು. ಅಂಥಲ್ಲಿ ಹಳದಿಯೋ ಹಸಿರೋ ಬೇಕಾಗುತ್ತದೆ. ಆರ್‌ಸಿಸಿ ಕಟ್ಟಡಕ್ಕೆ ಹಾಕಿದ್ದನ್ನೇ ಶೀಟಿನ ಶೆಡ್ಡಿಗೂ ಹಾಕಿದರೆ ಬಿಸಿಲಿಗೇ ಗಾಜು ಒಡೆದು ಮಾಲು ನೆನೆದೀತು.

ಒಂದು ತಲೆ ಒಂದು ಕಿಲೊ ಒತ್ತಡದಲ್ಲಿ ನಿಮಿಷಕ್ಕೆ 80 ಲೀಟರಿನಷ್ಟು ನೀರು ಬಿಡುತ್ತದೆ. ನಮ್ಮ ಬೋರಿನ ಮುಂದೆ ಇದೇನೂ ಅಲ್ಲ. ಆದರೆ ಒಂದು ಚೀಲಕ್ಕೆ ಹತ್ತಿದ ಬೆಂಕಿಗೆ ಮೊದಲ ಐದು ನಿಮಿಷದಲ್ಲಿ 80 ಲೀಟರು ಸಾಕಾಗುತ್ತದೆ. ಅದೇ ಬೆಂಕಿ ಅರ್ಧ ಗಂಟೆ ಉರಿದ ಮೇಲೆ ಮೂರು ಫೈರ್ ಇಂಜಿನ್ ಬಂದರೂ ಸಾಲದು. ಠಾಣೆಯವರು ಎಷ್ಟೇ ಚುರುಕಾಗಿದ್ದರೂ ಫೋನು ಹೋಗಬೇಕು, ಗಾಡಿ ಹೊರಡಬೇಕು, ಪಿ.ಬಿ. ರಸ್ತೆಯ ಸಂದಣಿ ದಾಟಬೇಕು. ಚಾವಣಿಯ ನೀರು ಮೊದಲೇ ಬಂದು ಕೂತಿರುತ್ತದೆ. ಅದರ ಗುಟ್ಟೆಲ್ಲ ಇಷ್ಟೇ.

ಪಂಪ್‌ಹೌಸು

ತಲೆ ಒಳ್ಳೆಯದಿದ್ದು ಪೈಪಿನಲ್ಲಿ ನೀರಿಲ್ಲದಿದ್ದರೆ? ಅದಕ್ಕೇ ಕಟ್ಟಡದ ಹೊರಗೆ ಪಂಪ್‌ಹೌಸು. ಸಾಮಾನ್ಯವಾಗಿ ಮೂರು ಪಂಪು. ಒಂದು ಸಣ್ಣದು, ಜಾಕಿ ಪಂಪು ಅಂತಾರೆ. ಪೈಪಿನ ಜಾಯಿಂಟಿನಲ್ಲಿ ಅಷ್ಟಿಷ್ಟು ಸೋರಿ ಒತ್ತಡ ಇಳಿದರೆ ಅದು ತುಂಬಿಸಿ ತಾನೇ ನಿಲ್ಲುತ್ತದೆ. ಸ್ಪ್ರಿಂಕ್ಲರ್ ತೆರೆದೋ, ಯಾರಾದರೂ ಹೈಡ್ರಂಟ್ ತಿರುಗಿಸಿಯೋ ಒತ್ತಡ ದಬಕ್ಕನೆ ಬಿದ್ದರೆ ಜಾಕಿಗೆ ನೀಗುವುದಿಲ್ಲ. ಆಗ ಕರೆಂಟಿನ ದೊಡ್ಡ ಪಂಪು ತಾನಾಗಿ ಶುರುವಾಗಬೇಕು. ಕರೆಂಟಿಲ್ಲವೆ? ಬ್ಯಾಟರಿಯಿಂದ ಡೀಸೆಲ್ ಪಂಪು ಏಳಬೇಕು.

ಇಲ್ಲಿ ಎರಡು ಸಂಗತಿ ನನಗೆ ಬಹಳ ಹಿಡಿಸಿದವು. ಮೊದಲನೆಯದು, ಬೆಂಕಿ ಪಂಪಿನ ಕರೆಂಟು ಲೈನು ಕಟ್ಟಡದ ಮೇನ್ ಸ್ವಿಚ್ಚಿನಿಂದ ಬರಬಾರದು, ಅದಕ್ಕಿಂತ ಮೊದಲೇ ಕವಲೊಡೆದು ಬರಬೇಕು. ಯಾಕೆಂದರೆ ಬೆಂಕಿ ಬಿದ್ದಾಗ ಮೊದಲು ಮಾಡುವ ಕೆಲಸ ಮೇನ್ ಆಫ್ ಮಾಡುವುದು. ಅದರ ಜೊತೆ ಪಂಪೂ ನಿಂತರೆ ಕಥೆ ಮುಗಿಯಿತು. ಎರಡನೆಯದು, ಪಂಪು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಕೆಳಗೆ ಕೂತಿರಬೇಕು. ಫುಟ್‌ವಾಲ್ವ್ ಸೋರಿ, ಕೊಡದಲ್ಲಿ ನೀರು ಹೊಯ್ದು ಪ್ರೈಮ್ ಮಾಡುತ್ತಾ ನಿಂತ ಅನುಭವ ಯಾವ ರೈತನಿಗಿಲ್ಲ? ಬೆಂಕಿಯ ಹೊತ್ತಿಗೆ ಆ ಪುರುಸೊತ್ತು ಇರುವುದಿಲ್ಲ. ನೀರು ತಾನೇ ಪಂಪಿನ ಹೊಟ್ಟೆಗೆ ಇಳಿದಿರಬೇಕು.

ಬೇಸಿಗೆ ಕಳೆದು ನಾಲ್ಕು ತಿಂಗಳು ಮುಟ್ಟದೆ ಬಿಟ್ಟ ಡೀಸೆಲ್ ಇಂಜಿನ್ನು ಹ್ಯಾಂಡಲ್ ಹೊಡೆದೊಡನೆ ಶುರುವಾಗುತ್ತದೆಯೆ? ಬೆಂಕಿ ಪಂಪನ್ನು ವಾರಕ್ಕೊಮ್ಮೆ ಓಡಿಸಬೇಕು ಅನ್ನುವುದು ಇದಕ್ಕೇ. ಲಕ್ಷಗಟ್ಟಲೆ ಹಾಕಿ ಮಾಡಿದ ವ್ಯವಸ್ಥೆ ಬ್ಯಾಟರಿ ಇಳಿದು ಕೈಕೊಡುವುದು, ವಾಲ್ವು ಯಾರೋ ರಿಪೇರಿಗೆ ಬಂದ್ ಮಾಡಿ ಮರೆತುಹೋಗುವುದು, ಇಂಥವೇ ಹೆಚ್ಚು. ಯಂತ್ರದ ದೋಷ ಕಡಿಮೆ, ನೋಡಿಕೊಳ್ಳುವವನ ದೋಷ ಜಾಸ್ತಿ.

ಹತ್ತಿಯ ಬೆಂಕಿ ಬೇರೆ ಜಾತಿ

ಕಟ್ಟಿಗೆಯ ಬೆಂಕಿ ಕಣ್ಣಿಗೆ ಕಾಣುತ್ತದೆ. ಹತ್ತಿಯದು ಹಾಗಲ್ಲ. ಮೊದಲು ಮೇಲಿನ ನಯ ಎಳೆಗಳ ಮೇಲೆ ಸರ್ರಂತ ಓಡುತ್ತದೆ, ಆಮೇಲೆ ಒಳಕ್ಕೆ ಇಳಿದು ಹೊಗೆಯಾಡುತ್ತಾ ಕೂರುತ್ತದೆ. ಒತ್ತಿ ಕಟ್ಟಿದ 170 ಕಿಲೊ ಬೇಲಿನ ಹೊಟ್ಟೆಗೆ ಹೊಕ್ಕ ಕಿಡಿ ದಿನಗಟ್ಟಲೆ ಬದುಕಿರುತ್ತದೆ. ಮೇಲಿನಿಂದ ಎಷ್ಟೇ ನೀರು ಹೊಡೆದರೂ ಒಳಗೆ ಹೋಗದು. ಬೇಲನ್ನು ಬಯಲಿಗೆ ಎಳೆದು, ಪಟ್ಟಿ ಕತ್ತರಿಸಿ, ಬಿಡಿಸಿ ನೆನೆಸಬೇಕು.

ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನ ಅಂತ ಆಚರಿಸುತ್ತಾರಲ್ಲ, ಅದರ ಮೂಲದಲ್ಲೂ ಹತ್ತಿಯೇ ಇದೆ. 1944ರ ಆ ದಿನ ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗಿನಲ್ಲಿ ಹತ್ತಿ ಬೇಲುಗಳಿಗೆ ಬೆಂಕಿ ಹತ್ತಿತು. ಅದೇ ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕಗಳೂ ಇದ್ದವು. ಮಧ್ಯಾಹ್ನದಿಂದ ನೀರು ಹೊಡೆದೇ ಹೊಡೆದರು, ಬೇಲುಗಳ ನಡುವೆ ಬೆಂಕಿಯ ಬೇರು ಎಲ್ಲಿದೆ ಅಂತಲೇ ಸಿಗಲಿಲ್ಲ. ನಾಲ್ಕು ಗಂಟೆ ದಾಟುತ್ತಿದ್ದಂತೆ ಹಡಗು ಸಿಡಿಯಿತು. ಅಗ್ನಿಶಾಮಕ ದಳದವರೇ 66 ಮಂದಿ ಸತ್ತರು. ಊರಿನವರ ಲೆಕ್ಕ ನೂರುಗಟ್ಟಲೆ.

ಹಾಗಾಗಿ ಹತ್ತಿಯ ಕಾರ್ಖಾನೆಯಲ್ಲಿ ಬೆಂಕಿ ಆರಿಸುವುದಕ್ಕಿಂತ ಕಿಡಿ ಹಿಡಿಯುವುದಕ್ಕೆ ಬೆಲೆ ಹೆಚ್ಚು. ಹೊಸ ನಮೂನೆಯ ನೂಲಿನ ಗಿರಣಿ, ಜಿನ್ನಿಂಗ್ ಮಿಲ್ಲುಗಳಲ್ಲಿ ಹತ್ತಿ ಗಾಳಿಯ ಕೊಳವೆಯಲ್ಲಿ ಹಾರಿಕೊಂಡು ಹೋಗುತ್ತದೆ. ಆ ಕೊಳವೆಗೆ ಕಿಡಿ ಕಾಣುವ ಕಣ್ಣು ಕೂರಿಸಿರುತ್ತಾರೆ. ಒಂದು ಕಿಡಿ ಹಾದುಹೋದರೆ ಕಣ್ಣು ಮಿಟುಕಿಸುವುದರೊಳಗೆ ಬಾಗಿಲು ತಿರುಗಿ ಆ ಹತ್ತಿ ಬೇರೆ ಪೆಟ್ಟಿಗೆಗೆ ಬೀಳುತ್ತದೆ, ಯಂತ್ರ ನಿಲ್ಲುತ್ತದೆ.

ಈ ಕಿಡಿ ಎಲ್ಲಿಂದ ಬರುತ್ತದೆ? ಹಮಾಲರ ಬೀಡಿ ಇದ್ದೀತು, ವೈರಿಂಗ್ ಇದ್ದೀತು. ಆದರೆ ನಮ್ಮ ಚೀಲದಿಂದಲೂ ಬರುತ್ತದೆ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಹತ್ತಿ ಬಿಡಿಸುವಾಗ ಸೇರಿದ ಕಲ್ಲಿನ ಹರಳು, ಗಾಡಿಯಿಂದ ಉದುರಿದ ಮೊಳೆ, ನಟ್ಟು, ತಂತಿ ತುಂಡು, ಯಾರದೋ ಜೇಬಿನಿಂದ ಬಿದ್ದ ಬೆಂಕಿಕಡ್ಡಿ. ಜಿನ್ನಿನ ರೋಲರಿಗೂ ಚಾಕುವಿಗೂ ನಡುವೆ ಇದು ಸಿಕ್ಕಿದರೆ ಸಾಕು, ಕಿಡಿ ಹಾರುತ್ತದೆ. ತೂಕ ಬರಲಿ ಅಂತ ಕಲ್ಲು ಸೇರಿಸುವವರಿದ್ದರೆ ಅವರಿಗೆ ಏನು ಹೇಳುವುದೋ ನನಗೆ ತಿಳಿಯದು. ಬಿಡಿಸುವವರ ಉಡಿಯಲ್ಲಿ ಬೆಂಕಿಪೊಟ್ಟಣ ಇರದಂತೆ ನೋಡಿಕೊಳ್ಳುವುದು, ಟ್ರಾಕ್ಟರಿನ ಟ್ರೇಲರ್ ಗುಡಿಸಿ ಹತ್ತಿ ತುಂಬುವುದು, ಖರ್ಚಿಲ್ಲದ ಕೆಲಸ.

ನೀರು ಹಾಕಬಾರದ ಬೆಂಕಿ

ಹರಿಹರಕ್ಕೆ ಹೋದರೆ ಇನ್ನೊಂದು ಪಾಠ. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಇದೆ. ವಿಸ್ಕೋಸ್ ನಾರಿಗೆ ಬೇಕಾದ ಮರದ ತಿರುಳು ಮಾಡುವ ಉದ್ದಿಮೆ ಅದು. ಸುತ್ತಲಿನ ತಾಲ್ಲೂಕುಗಳಲ್ಲಿ ನೀಲಗಿರಿ ಹಾಕಿದವರಿಗೆ ಈ ಹೆಸರು ಗೊತ್ತು. ವಿಸ್ಕೋಸ್ ಮಾಡಲು ಕಾರ್ಬನ್ ಡೈಸಲ್ಫೈಡ್ ಎಂಬ ದ್ರವ ಬೇಕು. ಇದಕ್ಕೆ ಬೆಂಕಿ ಹತ್ತಲು ಕಿಡಿಯೇ ಬೇಕಿಲ್ಲ, ನೂರು ಡಿಗ್ರಿ ಆಸುಪಾಸು ಕಾದ ಹಬೆಯ ಪೈಪು ತಾಗಿದರೂ ಸಾಕು. ಇಂಥದ್ದನ್ನು ಹೇಗೆ ಇಡುತ್ತಾರೆ ಗೊತ್ತೆ? ನೀರಿನ ಅಡಿಯಲ್ಲಿ. ಅದು ನೀರಿಗಿಂತ ಭಾರ, ನೀರಲ್ಲಿ ಕರಗುವುದೂ ಇಲ್ಲ. ಟ್ಯಾಂಕಿನಲ್ಲಿ ಮೇಲೊಂದು ಪದರ ನೀರು ನಿಲ್ಲಿಸಿದರೆ ಗಾಳಿಯ ಸೋಂಕೇ ಇಲ್ಲ. ನೀರೇ ಮುಚ್ಚಳ.

ಸ್ಪಿರಿಟ್ಟಿನದು ಇದಕ್ಕೆ ತದ್ವಿರುದ್ಧ. ದಾವಣಗೆರೆ ತಾಲ್ಲೂಕಿನ ಕುಕ್ಕುವಾಡದ ಸಕ್ಕರೆ ಕಾರ್ಖಾನೆಯಲ್ಲಿ ಎಥನಾಲ್ ಮಾಡುತ್ತಾರೆ. ಎಥನಾಲ್ ನೀರಿನ ಜೊತೆ ಬೆರೆತುಬಿಡುತ್ತದೆ. ಪೆಟ್ರೋಲಿನ ಬೆಂಕಿಗೆ ಹೊಡೆಯುವ ಮಾಮೂಲಿ ನೊರೆ ಇದರ ಮೇಲೆ ನಿಲ್ಲದೆ ಕರಗಿಹೋಗುತ್ತದೆ. ಇಂಥ ಉದ್ದಿಮೆಗೆ ಸ್ಪಿರಿಟ್ಟು ತಡೆಯುವ ಬೇರೆಯದೇ ನೊರೆ ಬೇಕು. ಕರೆಂಟಿನ ಪ್ಯಾನೆಲ್ಲಿಗೆ ಕಾರ್ಬನ್ ಡೈಆಕ್ಸೈಡ್ ಗಾಳಿ, ಅಡುಗೆ ಎಣ್ಣೆಯ ಬಾಣಲೆಗೆ ಮುಚ್ಚಳ. ಎಲ್ಲದಕ್ಕೂ ನೀರೇ ಮದ್ದಲ್ಲ.

ರೈತರಿಗೆ ನೇರ ಸಂಬಂಧಿಸಿದ್ದು ಇನ್ನೊಂದಿದೆ. ಮೆಕ್ಕೆಜೋಳಕ್ಕೆ, ಭತ್ತಕ್ಕೆ ಹುಳ ಬೀಳದಿರಲಿ ಅಂತ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ. ಗಾಳಿಯ ತೇವಕ್ಕೆ ನಿಧಾನ ವಿಷಗಾಳಿ ಬಿಡುವುದು ಅದರ ಕೆಲಸ. ಅದರ ಮೇಲೆ ನೀರು ಬಿದ್ದರೆ ಆ ಗಾಳಿ ಒಮ್ಮೆಲೇ ಹೊರಟು ತಾನೇ ಹೊತ್ತಿಕೊಳ್ಳಬಹುದು. ಗುಳಿಗೆಗಳನ್ನು ರಾಶಿ ಹಾಕಬಾರದು, ಸೋರುವ ಶೀಟಿನ ಕೆಳಗೆ ಇಡಬಾರದು. ಹತ್ತಿಕೊಂಡರೆ ಒಣ ಮರಳು ಅಥವಾ ಒಣ ಪುಡಿ, ನೀರಲ್ಲ. ಬೆಂಕಿ ಆರಿಸಲು ಬಂದವರಿಗೆ ಒಳಗೆ ಗುಳಿಗೆ ಇಟ್ಟಿದ್ದೇವೆ ಅಂತ ಮೊದಲು ಹೇಳಬೇಕು. ಆ ವಿಷಗಾಳಿ ಜೀವ ತೆಗೆಯುತ್ತದೆ.

ಗೋದಾಮಿಗೆ ಹೋದಾಗ

ಎಲ್ಲ ಗೋದಾಮಿಗೂ ಸ್ಪ್ರಿಂಕ್ಲರ್ ಇರುವುದಿಲ್ಲ. ಹಳ್ಳಿಯ ಸೊಸೈಟಿ ಗೋದಾಮಿಗೆ ಅದು ಬೇಕು ಅಂತ ನಾನು ವಾದಿಸುವುದೂ ಇಲ್ಲ. ಆದರೆ ಇದ್ದ ಕಡೆ ಅದು ಕೆಲಸ ಮಾಡುವ ಸ್ಥಿತಿಯಲ್ಲಿದೆಯೆ ಅಂತ ನೋಡಲು ಇಂಜಿನಿಯರ್ ಆಗಬೇಕಿಲ್ಲ. ತಲೆ ಎತ್ತಿ ನೋಡಿ. ಚೀಲದ ಲಾಟು ಸ್ಪ್ರಿಂಕ್ಲರಿಗೆ ಮುಟ್ಟುವಷ್ಟು ಏರಿದೆಯೆ? ನಡುವೆ ಒಂದೂವರೆ ಅಡಿಯಾದರೂ ಖಾಲಿ ಇರಬೇಕು, ಇಲ್ಲದಿದ್ದರೆ ನೀರು ಹರಡದೆ ಒಂದೇ ಚೀಲದ ಮೇಲೆ ಸುರಿಯುತ್ತದೆ. ಸುಗ್ಗಿಯಲ್ಲಿ ಎಲ್ಲರೂ ಮಾಡುವುದು ಇದನ್ನೇ, ಜಾಗ ಸಾಲದು ಅಂತ ಚಾವಣಿವರೆಗೂ ಒಟ್ಟುವುದು. ಗೋಡೆಗೂ ಲಾಟಿಗೂ ಮಧ್ಯೆ ಮನುಷ್ಯ ನುಸುಳುವಷ್ಟು ದಾರಿ ಇರಬೇಕು. ಹತ್ತಿ ಬೇಲಿದ್ದರೆ ಇದು ಇನ್ನೂ ಮುಖ್ಯ. ನೀರು ಕುಡಿದ ಬೇಲು ಉಬ್ಬಿ ಗೋಡೆಯನ್ನೇ ಹೊರಕ್ಕೆ ತಳ್ಳೀತು. ಸ್ಪ್ರಿಂಕ್ಲರ್ ತಲೆಗೆ ಸುಣ್ಣ, ಪೇಂಟು ಬಳಿದಿದ್ದರೆ ಅದು ಹೊತ್ತಿಗೆ ಒಡೆಯುತ್ತದೆ ಅನ್ನುವ ಭರವಸೆ ಇಲ್ಲ. ಪಂಪ್‌ಹೌಸಿನ ಗೇಜು ಸೊನ್ನೆ ತೋರಿಸುತ್ತಿದ್ದರೆ ಪೈಪು ಖಾಲಿ ಅಂತಲೇ ಲೆಕ್ಕ. ಕೆಂಪು ಸಿಲಿಂಡರಿನ ಮುಳ್ಳು ಹಸಿರು ಪಟ್ಟಿಯಲ್ಲಿರಬೇಕು.

ಇನ್ನು ಕಾಗದ. 2007ರ ಉಗ್ರಾಣ ಕಾಯ್ದೆಯಡಿ ನೋಂದಣಿಯಾದ ಗೋದಾಮಿನವರು ಒಳಗಿನ ದಾಸ್ತಾನಿಗೆ ಬೆಂಕಿ ವಿಮೆ ಮಾಡಿಸಲೇಬೇಕು. ನೋಂದಣಿ ಆಗಿದೆಯೆ, ವಿಮೆ ಯಾವ ತಿಂಗಳವರೆಗೆ, ಎಷ್ಟು ಮೊತ್ತಕ್ಕೆ ಅಂತ ರಸೀದಿ ತಗೊಳ್ಳುವಾಗಲೇ ಕೇಳಿ. ಕಟ್ಟಡಕ್ಕೆ ಮಾತ್ರ ವಿಮೆ ಮಾಡಿಸಿ ಮಾಲಿಗೆ ಬಿಟ್ಟಿದ್ದರೆ ನಮಗೆ ಏನೂ ದಕ್ಕದು.

ನಮ್ಮ ಕಣದಲ್ಲಿ

ಮನೆಗೆ, ಕಣಕ್ಕೆ ಪಂಪ್‌ಹೌಸು ಕಟ್ಟಲಾಗದು. ಆದರೆ ಲೆಕ್ಕ ಅದೇ, ನೀರು ಮೊದಲೇ ಬಂದು ಕೂತಿರಬೇಕು. ತ್ರೀಫೇಸ್ ಯಾವಾಗ ಬರುತ್ತದೋ ಗೊತ್ತಿಲ್ಲ, ಬಣವೆಗೆ ಬೆಂಕಿ ಬಿದ್ದ ಹೊತ್ತಿಗೆ ಬೋರ್ ಮೋಟಾರು ನಂಬಲಾಗದು. ಎತ್ತರದಲ್ಲಿ ಟ್ಯಾಂಕು ಇದ್ದವರು ಅದರ ತಳಕ್ಕೆ ಒಂದು ಗೇಟ್‌ವಾಲ್ವ್ ಹಾಕಿ, ಕೊಟ್ಟಿಗೆ ಮುಟ್ಟುವಷ್ಟು ಹೋಸ್ ಪೈಪು ಸುತ್ತಿಟ್ಟರೆ ಕರೆಂಟಿನ ಹಂಗಿಲ್ಲ. ಹತ್ತು ಮೀಟರ್ ಎತ್ತರಕ್ಕೆ ಒಂದು ಕಿಲೊ ಒತ್ತಡ ಸಿಗುತ್ತದೆ. ಇಪ್ಪತ್ತು ಅಡಿ ಎತ್ತರವಿದ್ದರೂ ಮೊದಲ ಐದು ನಿಮಿಷದ ಕೆಲಸಕ್ಕೆ ಅಡ್ಡಿಯಿಲ್ಲ. ಟ್ಯಾಂಕಿಲ್ಲದವರು ಕಣದ ಮೂಲೆಯಲ್ಲಿ 200 ಲೀಟರಿನ ಡ್ರಮ್ಮು, ಎರಡು ಬಕೆಟ್ಟು ಇಡಬಹುದು. ಆ ಬಕೆಟ್ಟನ್ನು ಎಮ್ಮೆಗೆ ಬೂಸಾ ಕಲಸಲು ಒಯ್ಯದಂತೆ ಕೆಂಪು ಬಳಿಯುವುದು ಒಳ್ಳೆಯದು.

ಬಣವೆಯನ್ನು ಕರೆಂಟಿನ ತಂತಿಯ ಅಡಿಯಲ್ಲಿ ಒಟ್ಟದಿರುವುದು, ಎಲ್ಲ ಮೇವನ್ನು ಒಂದೇ ಬಣವೆ ಮಾಡದೆ ಎರಡು ಮಾಡಿ ನಡುವೆ ಅಂತರ ಬಿಡುವುದು, ಇವೂ ಅದೇ ವಿದ್ಯೆ. ದೊಡ್ಡ ಗೋದಾಮಿನಲ್ಲಿ ಬೆಂಕಿ ತಡೆಯುವ ಗೋಡೆ ಮಾಡುವ ಕೆಲಸವನ್ನು ಇಲ್ಲಿ ಖಾಲಿ ಜಾಗ ಮಾಡುತ್ತದೆ. ಮೆಕ್ಕೆಜೋಳದ ರವದಿಗೆ ಬೆಂಕಿ ಇಟ್ಟು ಗಾಳಿ ತಿರುಗಿ ಪಕ್ಕದವರ ಬಣವೆ ಹೋದದ್ದು ಪ್ರತಿ ವರ್ಷದ ಸುದ್ದಿ.

ಬೆಂಕಿ ಕಂಡೊಡನೆ 101 ಅಥವಾ 112ಕ್ಕೆ ಫೋನು ಮಾಡಿ, ನೀರು ಹಾಕಲು ಶುರು ಮಾಡುವುದಕ್ಕೆ ಮೊದಲೇ. ಆರಿದರೆ ಬೇಡ ಅಂತ ಮತ್ತೆ ಹೇಳಬಹುದು. ಊರಿನ ಗುರುತು ಸರಿಯಾಗಿ ಹೇಳಿ, ಒಬ್ಬರನ್ನು ಟಾರು ರಸ್ತೆಗೆ ಕಳಿಸಿ ಗಾಡಿಗೆ ದಾರಿ ತೋರಿಸಲು ನಿಲ್ಲಿಸಿ.

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. ಆಗ ಠಾಣೆಯವರು ಸಿಲಿಂಡರು ಬಿಚ್ಚಿ ಹೊಡೆಯುವುದನ್ನು, ಹೋಸು ಜೋಡಿಸುವುದನ್ನು ತೋರಿಸಿಕೊಡುತ್ತಾರೆ. ಹೆಚ್ಚಾಗಿ ಶಾಲೆ, ಬಸ್‌ಸ್ಟ್ಯಾಂಡು, ಕಚೇರಿಗಳಲ್ಲಿ ನಡೆಯುತ್ತದೆ. ನಿಮ್ಮ ಸೊಸೈಟಿಯ ಕಾರ್ಯದರ್ಶಿಯಿಂದ ಮಾರ್ಚಿಯಲ್ಲೇ ಠಾಣೆಗೆ ಒಂದು ಪತ್ರ ಬರೆಸಿ, ಪ್ರಾತ್ಯಕ್ಷಿಕೆಯನ್ನು ನಿಮ್ಮ ಚೀಲ ಇರುವ ಗೋದಾಮಿನ ಅಂಗಳದಲ್ಲೇ ಇಟ್ಟುಕೊಳ್ಳಿ. ಹಮಾಲರನ್ನೂ ಕರೆಯಿರಿ. ಬೆಂಕಿ ಹತ್ತಿದಾಗ ಮೊದಲು ಅಲ್ಲಿರುವವರು ಅವರೇ.